ವಾಪಸ್ ಬಾರದ ಸೀಸೆ

ಹೆಬ್ಬಾಳದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಹೆಪ್ಪು ಕೇಳಿ ಬಂದವರಿಗೆ ಇಲ್ಲವೆಂದದ್ದನ್ನು ನಾನು ಕಾಣೆ. ತಮ್ಮದೇ ಲೋಟದಲ್ಲಿ ಮೊಸರು ಹಾಕಿ, ಸೆರಗಿನಿಂದ ಒರೆಸಿ ಕೊಡುತ್ತಾ, "ಲೋಟ ಖಾಲಿ ಕಳಿಸ್ಬೇಡ ಕಣವ್ವಾ," ಎನ್ನುತ್ತಿದ್ದರು. ತಳದಲ್ಲಿ ಚಿಟಿಕೆ ಸಕ್ಕರೆ ಹಾಕಿ ಹಿಂದಿರುಗಿಸಿದರೂ ಅವರ ಮುಖ ಅರಳುತ್ತಿತ್ತು. ಬರಿದಾಗಿ ಬಂದ ಲೋಟವನ್ನು ಒಳಗೆ ಒಯ್ಯದೆ ಜಗಲಿಯ ಮೇಲೆಯೇ ಬೋರಲು ಹಾಕಿಡುತ್ತಿದ್ದರು.

ಐವತ್ತರ ದಶಕದ ಕೊನೆಯಲ್ಲಿ ಫ್ಲೂ ಜ್ವರ ಊರನ್ನೆಲ್ಲ ಮಲಗಿಸಿತು. ಒಬ್ಬ ಡಾಕ್ಟರು ಬಂದು, ಜ್ವರದಲ್ಲಿದ್ದ ಅಜ್ಜಿ ಗಂಟಲು ಮುಕ್ಕಳಿಸಿದ ನೀರನ್ನು ಸೀಸೆಗೆ ತುಂಬಿಸಿಕೊಂಡರು.

"ಇದು ವಿಮಾನದಲ್ಲಿ ಪರದೇಶಕ್ಕೆ ಹೋಗುತ್ತೆ ಅಜ್ಜಿ. ಇದ್ರಲ್ಲಿರೋ ರೋಗಾಣು ನೋಡ್ಕೊಂಡು ಅಲ್ಲಿ ಲಸಿಕೆ ಮಾಡ್ತಾರೆ," ಎಂದರು.

ಲಸಿಕೆ ತಯಾರಾಯಿತೆಂದು ರೇಡಿಯೋದಲ್ಲಿ ಕೇಳಿದೆವು. ನಮ್ಮ ಕಡೆಗೆ ಬಂದದ್ದು ಅಷ್ಟಿಷ್ಟು. ಅದೂ ದೊಡ್ಡ ಅಧಿಕಾರಿಗಳ ಮನೆಗಳಲ್ಲೇ ಮುಗಿದುಹೋಯಿತು. ಮರುವರ್ಷ ಜ್ವರ ಮತ್ತೆ ಬಂದಾಗ ಅಜ್ಜಿಯ ಬಸುರಿ ಸೊಸೆ ಹಾಸಿಗೆ ಹಿಡಿದಳು. ಅದೇ ಡಾಕ್ಟರು ಹೊಸ ಸೀಸೆ ಹಿಡಿದು ಬಂದರು. ನಾನಾಗಿದ್ದರೆ ಬಾಗಿಲು ಹಾಕಿಬಿಡುತ್ತಿದ್ದೆ. ಅಜ್ಜಿ ಸೊಸೆಯನ್ನು ಎಬ್ಬಿಸಿ ಕೂರಿಸಿದರು, ಅವಳ ಬೆನ್ನಿಗೆ ಕೈಕೊಟ್ಟು ಗಂಟಲು ಮುಕ್ಕಳಿಸಲು ಹೇಳಿದರು. ತುಂಬಿದ ಸೀಸೆಯನ್ನು ಸೆರಗಿನಿಂದ ಒರೆಸಿ ಮುಂದೆ ಚಾಚಿದರು.

"ಹೋದ್ಸಲದ್ದು ಇನ್ನೂ ವಾಪಸ್ ಬಂದಿಲ್ಲ ಡಾಕ್ಟ್ರೇ."

ಡಾಕ್ಟರು ಸೀಸೆಗೆ ಕೈಹಾಕಿದರು. ಅಜ್ಜಿ ಬಿಡಲಿಲ್ಲ. ಡಾಕ್ಟರೂ ಎಳೆಯಲಿಲ್ಲ.