ಜಪಾನ್ ಗಿಟಾರಿನೊಳಗಿನ ಕಾಳು

ದೆವ್ವ, ಭೂತ, ಮಾಟ ಎಂದವರನ್ನೆಲ್ಲ ನಾನು ಮೊದಲಿಂದಲೂ ಗೇಲಿ ಮಾಡಿಕೊಂಡು ಬಂದವನು. ಸಂತೇಬೆನ್ನೂರಿನಲ್ಲಿ ನನ್ನದೊಂದು ಸೌಂಡ್ ಸಿಸ್ಟಮ್ ಅಂಗಡಿ ಇದೆ. ಮದುವೆ, ಸಭೆ, ನಾಟಕ ಎಲ್ಲಕ್ಕೂ ಮೈಕು ಕಟ್ಟುತ್ತೇನೆ. ಎಲ್ಲೋ ಗೊರ್ ಎನ್ನುತ್ತಿದೆ, ಎಲ್ಲೋ ಕಟಕಟ ಎನ್ನುತ್ತಿದೆ ಎಂದರೆ ಅದು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತೆಗೆಯುವುದೇ ನನ್ನ ಕಸುಬು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಕ್ಕು ಪುಟ ತಿರುಗಿಸುತ್ತಿದ್ದೆ.

ನನ್ನ ಚಿಕ್ಕಪ್ಪ ಚನ್ನಗಿರಿಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಅವನದು ಜಪಾನಿನ ಹಳೇ ಟೊಳ್ಳು ಗಿಟಾರ್. ಕರೆಂಟಿನದೇ, ಆದರೆ ಹೊಟ್ಟೆ ಖಾಲಿ, ಎದೆಯ ಮೇಲೆ ಎರಡು ಉದ್ದನೆಯ ಸೀಳು. ನಡುವೆ ಜೇನಿನ ಬಣ್ಣ, ಅಂಚಿಗೆ ಕಪ್ಪು. ನೋಡಲು ರಾಜಗಾಂಭೀರ್ಯ, ಸ್ಪೀಕರ್ ಹತ್ತಿರ ಹೋದರೆ ಮಾತ್ರ ಊಳಿಡುತ್ತಿತ್ತು. ಒಂದು ಮದುವೆಯಲ್ಲಿ ಅದು ಊಳಿಟ್ಟ ಪರಿಗೆ ಮದುಮಗಳೇ ಕಿವಿ ಮುಚ್ಚಿಕೊಂಡಳಂತೆ.

ಆಗಷ್ಟೇ ನಮ್ಮ ಮನೆ ತುಂಬಿದ್ದ ಚಿಕ್ಕಮ್ಮ ಇದನ್ನು ಕೇಳಿಸಿಕೊಂಡಳು. ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ, ಕಣದಲ್ಲಿ ಬಿದ್ದಿದ್ದ ಮೆಕ್ಕೆಜೋಳದ ಒಣ ಸಿಪ್ಪೆಯನ್ನೆಲ್ಲ ಆ ಸೀಳುಗಳೊಳಗೆ ತುರುಕಿಬಿಟ್ಟಳು, ದಿಂಬಿಗೆ ಹತ್ತಿ ತುಂಬಿದ ಹಾಗೆ. ಆ ಭರಕ್ಕೆ ಒಂದು ಸೀಳಿನ ಅಂಚೂ ಮುರಿಯಿತು. ಊಳು ನಿಂತದ್ದೇನೋ ನಿಜ, ಜೊತೆಗೆ ಗಿಟಾರಿನ ದನಿಯೂ ಸತ್ತುಹೋಯಿತು. ಚಿಕ್ಕಪ್ಪ ತಂತಿ ಹಾಕಿ ಸಿಪ್ಪೆಯನ್ನೆಲ್ಲ ಎಳೆದ. ಸಿಪ್ಪೆಯ ಜೊತೆ ಹೋಗಿದ್ದ ಒಂದೇ ಒಂದು ಕಾಳು ಒಳಗೆ ಉಳಿದುಕೊಂಡಿತು. ಜೋರಾಗಿ ಮೀಟಿದಾಗಲೆಲ್ಲ ಟಕ್ ಎನ್ನುತ್ತಿತ್ತು. "ಏನಪ್ಪಾ, ನಿನ್ನ ಹೆಂಡ್ತಿ ಒಳಗೆ ತಾಳ ಹಾಕಾಕೆ ಕುಂತಾಳೇನು?" ಎಂದು ಆರ್ಕೆಸ್ಟ್ರಾದವರು ಕಾಡಿಸುತ್ತಿದ್ದರು. ಅವನು ನಗುತ್ತಿದ್ದನೇ ಹೊರತು ಆ ಕಾಳನ್ನು ತೆಗೆಯಲೇ ಇಲ್ಲ. ಅಂಥ ಗಂಡ ಹೆಂಡಿರನ್ನು ನಾನು ಮತ್ತೆ ನೋಡಲಿಲ್ಲ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಚಿಕ್ಕಪ್ಪ ತೀರಿಹೋದ ಮೇಲೆ ಆರ್ಕೆಸ್ಟ್ರಾ ಚದುರಿತು. ಅವರ ಸಾಮಾನಿನ ಜೊತೆಯಲ್ಲೇ ಇದ್ದ ಗಿಟಾರ್ ಯಾರ ಕೈ ಸೇರಿತೋ ತಿಳಿಯಲಿಲ್ಲ. ಚಿಕ್ಕಮ್ಮ ಸಾಸ್ವೆಹಳ್ಳಿಯ ತವರುಮನೆಗೆ ಬಂದು ನೆಲೆಸಿದಳು. ಮಕ್ಕಳಿರಲಿಲ್ಲ. ಆ ಗಿಟಾರಿನ ದನಿ ಇನ್ನೊಮ್ಮೆ ಕೇಳಬೇಕೆನ್ನುವುದೊಂದೇ ಅವಳ ಆಸೆ. ನಾನೂ ಒಂದಿಷ್ಟು ಗಿಟಾರ್ ನುಡಿಸುತ್ತೇನಾದ್ದರಿಂದ ಹುಡುಕುವ ಕೆಲಸ ನನಗೆ ಬಿತ್ತು. "ಸಿಕ್ರೆ ಅದನ್ನೇ ತಗಂಬಾ. ಅದರಂಗಿರೋದು ಬ್ಯಾಡ" ಎಂದಿದ್ದಳು.

ಕೆಲವು ವರ್ಷಗಳ ಹಿಂದೆ ನ್ಯಾಮತಿಯ ಒಬ್ಬ ನಿವೃತ್ತ ಮೇಷ್ಟ್ರ ಬಳಿ ಅಂಥ ಗಿಟಾರುಗಳಿವೆಯೆಂದು ಗೊತ್ತಾಗಿ ಓಡಿದೆ. ಹಳೇ ವಾದ್ಯ ಕೊಂಡು ರಿಪೇರಿ ಮಾಡುವುದು ಅವರ ಹುಚ್ಚು. ಚಾಪೆಯ ಮೇಲೆ ಎರಡನ್ನು ಇಟ್ಟರು. ಎರಡೂ ಅದೇ ಜಪಾನಿನವು, ಅದೇ ಜೇನಿನ ಬಣ್ಣ. ಆದರೆ ಯಾವುದರ ಸೀಳೂ ಮುರಿದಿರಲಿಲ್ಲ, ಅಂಟು ಹಾಕಿದ ಗುರುತೂ ಇರಲಿಲ್ಲ. ಎರಡೂ ಗೋವಾದ ಕಡೆಯಿಂದ ಬಂದವಂತೆ.

ಬಂದದ್ದಕ್ಕೆ ನನಗಾದರೂ ಒಂದಿರಲಿ ಎಂದು ಆರಿಸಲು ಕೂತೆ. ಕತ್ತು ಬಾಗಿದೆಯೇ ಎಂದು ಕಣ್ಣಿಗೆ ಹಿಡಿದು ನೋಡಿದೆ. ತೆಂಗಿನಕಾಯಿ ತಟ್ಟುವ ಹಾಗೆ ಹೊಟ್ಟೆ ತಟ್ಟಿದೆ. ಒಂದರಲ್ಲಿ ಅಂಟು ಬಿಟ್ಟು ಗೊರಗೊರ ಎನ್ನುತ್ತಿತ್ತು, ಇನ್ನೊಂದು ಸ್ವಚ್ಛವಾಗಿ ನುಡಿಯಿತು. ಅದನ್ನು ಬೋರಲು ಹಾಕಿ ಕುಲುಕಿದೆ. ಏನೂ ಬೀಳಲಿಲ್ಲ. ನನ್ನ ಕಥೆ ಕೇಳಿದ್ದ ಮೇಷ್ಟ್ರು, "ಒಂದು ಕಾಳು ನಾವೇ ಹಾಕಿದ್ರೆ ಆತಪ್ಪ, ನಿಮ್ಮ ಚಿಕ್ಕಮ್ಮಗೇನು ಗೊತ್ತಾಗಾಕಿಲ್ಲ" ಎಂದು ನಕ್ಕರು. ನಾನು ಬೇಡವೆಂದೆ. ಅವಳಿಗೆ ಮೋಸ ಮಾಡುವುದು ನನ್ನಿಂದಾಗದ ಮಾತು.

ಸ್ವಚ್ಛವಾಗಿ ನುಡಿದದ್ದನ್ನೇ ಕೊಂಡು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಸಾಸ್ವೆಹಳ್ಳಿ ತಲುಪಿದಾಗ ಸಂಜೆಯಾಗಿತ್ತು. "ಅದು ಸಿಗಲಿಲ್ಲ ಚಿಕ್ಕಮ್ಮ, ಇದು ನಂಗೆ ಅಂತ ತಂದಿದ್ದು" ಎಂದೆ. ಅವಳು ಬೆರಳಿನಿಂದ ಎರಡೂ ಸೀಳುಗಳ ಅಂಚನ್ನು ಸವರಿ ನೋಡಿದಳು. ಮುಖ ಸಣ್ಣದಾಯಿತು. ರೊಟ್ಟಿ ತಟ್ಟಲು ಒಳಗೆ ಹೋದಳು.

ಜಗಲಿಯ ಮೇಲೆ ಕೂತು, ಚಿಕ್ಕಪ್ಪ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಶ್ರುತಿ ನೋಡಲು ನುಡಿಸುತ್ತಿದ್ದ ಒಂದು ಚೂರು ರಾಗವನ್ನು ಸುಮ್ಮನೆ ನುಡಿಸಿದೆ. ಕೊನೆಯಲ್ಲಿ ಅವನು ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟುತ್ತಿದ್ದ. ನಾನೂ ಮೀಟಿದೆ. ಟಕ್ ಎಂದಿತು.

ಯಾವುದೋ ತಿರುಪು ಸಡಿಲವಾಗಿರಬೇಕೆಂದುಕೊಂಡು ಎಲ್ಲವನ್ನೂ ಮುಟ್ಟಿ ನೋಡಿ ಮತ್ತೆ ಮೀಟಿದೆ. ಟಕ್. ತಲೆ ಎತ್ತಿದರೆ ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಾಳೆ.

"ಕಾಳು ಐತಲ್ಲೋ ಇದ್ರಾಗೆ" ಎಂದಳು.

ಇಬ್ಬರೂ ಸೇರಿ ಬೋರಲು ಹಾಕಿ ಕುಲುಕಿದೆವು. ಮೊಬೈಲಿನ ಟಾರ್ಚ್ ಬಿಟ್ಟು ನೋಡಿದೆವು. ಒಳಗೆ ಏನೆಂದರೆ ಏನೂ ಇಲ್ಲ. ಮೀಟಿದರೆ ಮಾತ್ರ ಟಕ್. ಅವಳು ನನ್ನ ಪಕ್ಕದಲ್ಲಿ ಕೂತು ಅಳುತ್ತಾ ನಗುತ್ತಾ ಇನ್ನೊಮ್ಮೆ, ಇನ್ನೊಮ್ಮೆ ಎಂದು ನುಡಿಸಲು ಹೇಳಿದಳು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು.

ಸಂತೇಬೆನ್ನೂರಿಗೆ ಬಂದು ಇಡೀ ಗಿಟಾರನ್ನು ಬಿಚ್ಚಿ ನೋಡಿದೆ. ಏನೂ ಸಿಗಲಿಲ್ಲ. ನಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಚಿಕ್ಕಮ್ಮನ ನೆರೆಮನೆಯಲ್ಲಿ ಎಷ್ಟು ಜೋರಾಗಿ ಮೀಟಿದರೂ ಅದು ಟಕ್ ಎನ್ನುವುದಿಲ್ಲ. ಅವಳ ಮನೆಯಲ್ಲಿ ಜಗಲಿಯಲ್ಲಿ ಕೂತರೂ ಸೈ, ಅಡುಗೆಮನೆಯಲ್ಲಿ ಕೂತರೂ ಸೈ, ಕಾಳು ಆಡುತ್ತದೆ.

ಕಳೆದ ವರ್ಷ ಮೇಷ್ಟ್ರು ಫೋನ್ ಮಾಡಿದರು. ಸೀಳು ಮುರಿದ ಗಿಟಾರೊಂದು ಜಗಳೂರಿನಿಂದ ಬಂದಿದೆಯೆಂದರು. ಹೋಗಿ ನೋಡಿದೆ. ಅನುಮಾನವೇ ಇಲ್ಲ, ಚಿಕ್ಕಪ್ಪನದೇ. ಮುರಿದ ಅಂಚಿನ ಒಳಗಡೆ ಮೆಕ್ಕೆಜೋಳದ ಸಿಪ್ಪೆಯ ಎಳೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಕುಲುಕಿದೆ, ಮೀಟಿದೆ. ಯಾವ ಸದ್ದೂ ಇಲ್ಲ. ಅಲ್ಲಿಂದಲೇ ಚಿಕ್ಕಮ್ಮನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು.

"ಕಾಳು ಐತೇನು?"

ಇಲ್ಲ ಎಂದೆ.

"ಹಂಗಾರೆ ಅದನ್ನ ಅಲ್ಲೇ ಬಿಟ್ಟು ಬಾ. ಅವರು ಇಲ್ಲಿಗೆ ಬಂದು ಭಾಳ ದಿನ ಆತು."

ಬರಿಗೈಯಲ್ಲಿ ಬಸ್ಸು ಹತ್ತಿದೆ. ಈಗಲೂ ಬಿಡುವಾದಾಗ ಸಾಸ್ವೆಹಳ್ಳಿಗೆ ಹೋಗಿ ನುಡಿಸಿ ಬರುತ್ತೇನೆ. ಆ ಸದ್ದು ಎಲ್ಲಿಂದ ಬರುತ್ತದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹುಡುಕುವುದನ್ನು ಮಾತ್ರ ಬಿಟ್ಟಿದ್ದೇನೆ.