ವರ್ಲಾ ನೇರ ಮಾಡಿದ ಗೆರೆ

ಬೇಟೆ ಕ್ಯಾಂಪಿನ ಗೋಡೆಯಲ್ಲಿ ಹನ್ನೆರಡು ಗೂಟಗಳಿದ್ದವು, ಹನ್ನೆರಡು ಮಂದಿ ಸದಸ್ಯರ ಬಂದೂಕಿಗೆ. ಆ ವರ್ಷ ಒಂದು ಗೂಟ ಬರಿದಾಗಿತ್ತು. ವರ್ಲಾ ಆಸ್ಟ್ರಾಂಡರಳ ಅಪ್ಪ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ.

ಪೆನ್ಸಿಲ್ವೇನಿಯಾದ ಉತ್ತರದ ಬೆಟ್ಟಗಳಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಗಂಡು ಜಿಂಕೆಯ ಬೇಟೆ ಶುರುವಾಗುತ್ತದೆ. ಅಂದು ಶಾಲೆಗೆ ರಜೆ, ಅಂಗಿ ಕಾರ್ಖಾನೆಗೂ ರಜೆ. ಆ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಕಾಲರ್ ಹೊಲಿಯುತ್ತಿದ್ದವಳು ವರ್ಲಾ. ಬೇಟೆಯ ವಾರದಲ್ಲಿ ಕ್ಯಾಂಪಿನ ಒಲೆ ಹತ್ತೊಂಬತ್ತು ವರ್ಷದಿಂದ ಅವಳದೇ. ಗಂಡಸರು ಕತ್ತಲಿರುವಾಗಲೇ ಬೆಟ್ಟ ಹತ್ತುತ್ತಿದ್ದರು. ಅವಳು ಆಲೂಗಡ್ಡೆ ಸುಲಿಯುತ್ತ ಗೋಡೆಯ ಭೂಪಟದಲ್ಲಿ ಅದೇ ಬೆಟ್ಟ ಹತ್ತುತ್ತಿದ್ದಳು.

ಎತ್ತರ ತೋರಿಸುವ ಅದರ ಕಂದು ಗೆರೆಗಳನ್ನು ಓದುವುದನ್ನು ಅಪ್ಪ ಅವಳಿಗೆ ಹನ್ನೆರಡನೇ ವಯಸ್ಸಿನಲ್ಲಿ ಕಲಿಸಿದ್ದ. ಒಂದು ಗೆರೆಯಿಂದ ಇನ್ನೊಂದಕ್ಕೆ ಇಪ್ಪತ್ತು ಅಡಿ ಏರು. ಗೆರೆಗಳು ತೋಳಿನ ನೆರಿಗೆಯಂತೆ ಒತ್ತೊತ್ತಾಗಿ ಬಂದರೆ ಅಲ್ಲಿ ಕಡಿದಾದ ಇಳಿಜಾರು, ಸಡಿಲವಾದರೆ ಮಟ್ಟದ ನೆಲ. ಎರಡು ಶಿಖರಗಳ ನಡುವೆ ಗೆರೆಗಳು ಸೊಂಟದಂತೆ ಒಳಗೆ ಬಾಗಿದರೆ ಅದು ಕುದುರೆಯ ಜೀನಿನಂಥ ತಗ್ಗು. ದಣಿದ ಮನುಷ್ಯನಂತೆ ಜಿಂಕೆಯೂ ಸುಲಭದ ದಾರಿಯನ್ನೇ ಹುಡುಕುತ್ತದೆ ಎನ್ನುತ್ತಿದ್ದ ಅಪ್ಪ.

ಅಪ್ಪನ ಗೂಟ ತನಗೆ ಬೇಕೆಂದು ವರ್ಲಾ ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲೇ ಹೇಳಿದಳು. ಯಾರೂ ನಗಲಿಲ್ಲ, ಆದರೆ ಕಾಫಿ ಕಲಕುವ ಚಮಚಗಳೆಲ್ಲ ನಿಂತವು. ಖಾಲಿ ಗೂಟಕ್ಕೆ ಕಾಯುವವರ ಪಟ್ಟಿಯಲ್ಲಿ ಕ್ಯಾಂಪಿನ ಸದಸ್ಯ ಲಮಾರ್‌ನ ಅಳಿಯನ ಹೆಸರು ಆಗಲೇ ಇತ್ತು. ಅವನು ಪಿಟ್ಸ್‌ಬರ್ಗಿನಿಂದ ಹೊಚ್ಚ ಹೊಸ ಬೂಟು ಹಾಕಿಕೊಂಡು ಬಂದಿದ್ದ. ಕ್ಯಾಂಪಿನ ಹಿರಿಯ ಓರಿನ್ ಟಟಲ್, ಅವಳನ್ನು ತೊಟ್ಟಿಲಲ್ಲಿ ನೋಡಿದವನು, ಹಳೆಯ ಕಟ್ಟಳೆಯನ್ನು ನೆನಪಿಸಿದ. ಮೊದಲ ದಿನದ ಸೂರ್ಯ ಮುಳುಗುವುದರೊಳಗೆ ಯಾರು ಅಂಗಳದ ತೊಲೆಗೆ ಗಂಡು ಜಿಂಕೆ ತೂಗುಹಾಕುತ್ತಾರೋ ಗೂಟ ಅವರದು. ಯಾರೂ ತರದಿದ್ದರೆ ಪಟ್ಟಿಯಲ್ಲಿರುವವನದು.

ಎಲ್ಲಿ ಕೂರುತ್ತೀಯ ಎಂದು ಓರಿನ್ ಕೇಳಿದ. ಅವಳು ಭೂಪಟದ ತಗ್ಗಿನ ಮೇಲೆ ಬೆರಳಿಟ್ಟಳು.

“ಅಲ್ಲಿ ಗಾಳಿ ಬಿಟ್ರೆ ಇನ್ನೇನೂ ಓಡಾಡಲ್ಲ ಕಣೆ. ನಲವತ್ತು ವರ್ಷದಿಂದ ನೋಡ್ತಿದೀನಿ.”

“ನಲವತ್ತು ವರ್ಷದಿಂದ ನೀವು ರಸ್ತೆ ಕಾಣೋ ಕಡೆಗೇ ಕೂತಿದೀರಿ, ಓರಿನ್.”

ಈಗ ನಗು ಬಂತು. ಲಮಾರ್‌ಗೆ ಬೇರೆಯೇ ಚಿಂತೆ. “ಹಾಗಾದ್ರೆ ನಾಳೆ ನಮ್ಮ ಊಟ?”

“ಪಾತ್ರೇಲಿ ಬೀನ್ಸ್ ಇದೆ. ಬಿಸಿ ಮಾಡ್ಕೊಳ್ಳೋಕೆ ಭೂಪಟ ಬೇಕಾಗಲ್ಲ.”

ಗುರಿ ತಪ್ಪಿದವನ ಅಂಗಿಯ ಹಿಂಭಾಗ ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಎಲ್ಲ ಕ್ಯಾಂಪುಗಳ ಪದ್ಧತಿ. ಅಲ್ಲಿದ್ದ ಬಟ್ಟೆ ಚೂರುಗಳಲ್ಲಿ ಅರ್ಧಕ್ಕರ್ಧ ವರ್ಲಾಳ ಕಾರ್ಖಾನೆಯವೇ. ಓರಿನ್ ಅವುಗಳತ್ತ ನೋಡಿ ಹೇಳಿದ, “ಆ ತಗ್ಗಲ್ಲಿ ಜಿಂಕೆ ಬಂದ್ರೆ, ಹೋಗ್ಲಿ, ನನ್ನ ಅಂಗಿಗೇ ಕತ್ತರಿ ಹಾಕು.”

ಸೋಮವಾರ ಬೆಳಕು ಹರಿಯುವ ಮೊದಲೇ ಅವಳು ತಗ್ಗಿನ ನೆತ್ತಿಯಲ್ಲಿ, ಬಿದ್ದ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಮೈಮೇಲೆ ಬೇರೆ ಬೇಟೆಗಾರರಿಗೆ ಎದ್ದು ಕಾಣುವ ಕಿತ್ತಳೆ ಬಣ್ಣದ ಮೇಲಂಗಿ, ಮಡಿಲಲ್ಲಿ ಅಪ್ಪನ ರೈಫಲ್. ಜೇಬಿನಲ್ಲಿ ಭೂಪಟದ ನಕಲು. ಕಾರ್ಖಾನೆಯಲ್ಲಿ ಅಳತೆ ತೆಗೆಯುವ ತೆಳು ಕಾಗದವನ್ನು ಗೋಡೆಯ ಭೂಪಟದ ಮೇಲಿಟ್ಟು ತಾನೇ ಗೆರೆ ಎಳೆದಿದ್ದಳು. ಏಳಕ್ಕೆ ರಸ್ತೆಯ ಕಡೆಯಿಂದ ಗುಂಡಿನ ಸದ್ದು ಕೇಳತೊಡಗಿತು. ಪಟ್ಟಣದಿಂದ ಬಂದವರು ಕೆಳಗಿನಿಂದ ಕಾಡನ್ನು ಕಲಕುತ್ತಿದ್ದರು. ಇನ್ನು ಜಿಂಕೆಗಳು ಇತ್ತ ಬರಲೇಬೇಕು.

ಬಂದವು ಕೂಡ. ಒಣ ಎಲೆಗಳ ಮೇಲೆ ಗೊರಸಿನ ಸದ್ದು ಮೂರು ಸಲ ಅವಳ ಮುಂದೆಯೇ ದಾಟಿ ಹೋಯಿತು. ಆದರೆ ಒಂದು ಕಿವಿಯೂ ಕಾಣಲಿಲ್ಲ.

ಒಂಬತ್ತಾದಾಗ ತೆವಳಿಕೊಂಡು ಮುಂದೆ ಹೋಗಿ ನೋಡಿದಳು. ಇಳಿಜಾರು ಇರಬೇಕಾದಲ್ಲಿ ನೆಲವೇ ಇರಲಿಲ್ಲ. ಹದಿನೈದು ಅಡಿಯ ಬಂಡೆಗೋಡೆ ನೆಟ್ಟಗೆ ಇಳಿದಿತ್ತು, ಅದರ ಬುಡದಲ್ಲಿ ಹಸಿ ಹೆಜ್ಜೆಗಳು. ಇಪ್ಪತ್ತು ಅಡಿಗೊಂದು ಗೆರೆ ಎಳೆಯುವ ಭೂಪಟದಲ್ಲಿ ಹದಿನೈದು ಅಡಿಯ ಗೋಡೆ ಎರಡು ಗೆರೆಗಳ ನಡುವೆ ನುಸುಳಿ ಅಡಗಿಬಿಟ್ಟಿತ್ತು. ಜಿಂಕೆಗಳು ಅದರ ಮರೆಯಲ್ಲೇ ಸಾಗಿ ಎಲ್ಲೋ ಮೇಲೇರುತ್ತಿದ್ದವು. ಎಲ್ಲಿ?

ನಕಲನ್ನು ಬಿಡಿಸಿದಳು. ಗೆರೆಗಳೆಲ್ಲ ಹೊಲಿಗೆಯಂತೆ ನೀಟಾಗಿದ್ದವು. ಆಗ ಅವಳಿಗೆ ಹೊಳೆಯಿತು. ಗೋಡೆಯ ಭೂಪಟದಲ್ಲಿ ಒಂದು ಗೆರೆ ಇಷ್ಟು ನೀಟಾಗಿರಲಿಲ್ಲ. ತಗ್ಗಿನ ಪೂರ್ವಕ್ಕೆ ಅದು ಹೆಬ್ಬೆರಳಿನ ತುದಿಯಷ್ಟು ಹೊರಗೆ ಉಬ್ಬಿತ್ತು. ಹತ್ತೊಂಬತ್ತು ವರ್ಷ ಅದನ್ನು ಅಚ್ಚಿನ ತಪ್ಪೆಂದೇ ತಿಳಿದಿದ್ದಳು. ನಕಲು ತೆಗೆಯುವಾಗ ಅವಳ ಕೈ ಅದನ್ನು ನೇರ ಮಾಡಿತ್ತು. ಸೊಟ್ಟ ಹೊಲಿಗೆಯನ್ನು ಹಾಗೇ ಬಿಟ್ಟು ಆ ಕೈಗೆ ಅಭ್ಯಾಸವಿರಲಿಲ್ಲ. ಅದು ಅಚ್ಚಿನ ತಪ್ಪಲ್ಲ. ಬಂಡೆ ಮುಗಿದು ನೆಲ ಮೆಟ್ಟಿಲಿನಂತೆ ಚಾಚಿಕೊಂಡಿರುವ ಜಾಗ. ಗೋಡೆಯ ಬುಡದಲ್ಲಿ ಬಂದ ಜಿಂಕೆ ಅಲ್ಲೇ ಮೇಲೆ ಹತ್ತಬೇಕು.

ಪೆನ್ಸಿಲ್ ತೆಗೆದು ಆ ಉಬ್ಬನ್ನು ಇದ್ದಲ್ಲಿಗೆ ವಾಪಸು ಬರೆದಳು. ಕೆನ್ನೆಗೆ ತಾಗುವ ಗಾಳಿ ಯಾವ ಕಡೆಯದೆಂದು ನೋಡಿಕೊಂಡು, ಪೂರ್ವಕ್ಕೆ ಇನ್ನೂರು ಹೆಜ್ಜೆ ನಡೆದಳು. ಬಂಡೆ ಮುಗಿಯಿತು. ಮಟ್ಟದ ನೆಲ, ಅದರ ಮೇಲೆ ಗೊರಸು ತುಳಿದು ತುಳಿದು ಕಪ್ಪಾದ ಕಾಲುದಾರಿ. ನಲವತ್ತು ವರ್ಷದಿಂದ ಯಾರೂ ನೋಡಿರದ ದಾರಿ. ಪೈನ್ ಮರದ ಮರೆಯಲ್ಲಿ ಮೊಣಕಾಲೂರಿದಳು.

ಹನ್ನೊಂದು ಗಂಟೆಗೆ ಕೊಂಬು ಮೊದಲು ಕಂಡಿತು. ಆಮೇಲೆ ಕತ್ತು, ಆಮೇಲೆ ಹೆಗಲು, ಮೆಟ್ಟಿಲು ಹತ್ತುವಂತೆ ಒಂದೊಂದಾಗಿ. ಅದು ಮೇಲೆ ಬಂದು ನಿಂತು ಹಿಂದಿರುಗಿ ನೋಡಿತು. ಸೂಜಿಗೆ ದಾರ ಪೋಣಿಸುವಾಗ ಹಿಡಿಯುವಂತೆ ವರ್ಲಾ ಉಸಿರು ಹಿಡಿದಳು. ಒಂದೇ ಗುಂಡು.

ಕೊಂಬಿನಲ್ಲಿ ಎಂಟು ಕವಲಿದ್ದ ಗಂಡು. ಹೊಟ್ಟೆ ಬಗೆದು ಹಗುರ ಮಾಡಿ, ಕೊಂಬಿಗೆ ಹಗ್ಗ ಬಿಗಿದು, ಎಳೆದೂ ನಿಂತೂ ಎಳೆದೂ ಅಂಗಳ ಮುಟ್ಟುವಾಗ ಮೂರೂವರೆ. ಸೂರ್ಯ ಇನ್ನೂ ದಿಬ್ಬದ ಮೇಲಿದ್ದ. ತೊಲೆ ಬರಿದಾಗಿತ್ತು. ಜಿಂಕೆಯನ್ನು ಅದಕ್ಕೆ ಏರಿಸಲು ಹೆಗಲು ಕೊಟ್ಟವರಲ್ಲಿ ಪಿಟ್ಸ್‌ಬರ್ಗಿನ ಅಳಿಯ ಮೊದಲಿಗ. ಹೊಸ ಬೂಟು ಅವನ ಹಿಮ್ಮಡಿಯನ್ನು ಕಿತ್ತುಹಾಕಿತ್ತು, ಹಗಲೆಲ್ಲ ಒಲೆಯ ಬಳಿಯೇ ಕೂತಿದ್ದ. ಬೀನ್ಸ್ ಸೀದಿತ್ತು.

ವರ್ಲಾ ಒಳಗೆ ಹೋಗಿ ರೈಫಲನ್ನು ಅಪ್ಪನ ಗೂಟಕ್ಕೆ ತೂಗುಹಾಕಿದಳು. ಕಾನೂನಿನಂತೆ ಒಬ್ಬರಿಗೆ ವರ್ಷಕ್ಕೆ ಒಂದೇ ಗಂಡು ಜಿಂಕೆ; ಮುಂದಿನ ನವೆಂಬರ್‌ವರೆಗೆ ಅದು ಅಲ್ಲೇ.

ಓರಿನ್ ಅವಳಿಗೆ ಬೆನ್ನು ಮಾಡಿ ನಿಂತು, ಅಂಗಿಯನ್ನು ಪ್ಯಾಂಟಿನಿಂದ ಹೊರಗೆಳೆದ. ಅವಳು ಕತ್ತರಿಯನ್ನು ಬಟ್ಟೆಯ ನೂಲಿನ ಗುಂಟವೇ ನಡೆಸಿದಳು, ಒಂದು ಎಳೆಯೂ ಸೊಟ್ಟಗಾಗದಂತೆ. ಲಮಾರ್ ಮೊಳೆ ಹೊಡೆದ.

ಹರಿದ ಅಂಗಿಯಲ್ಲೇ ಓರಿನ್ ಭೂಪಟದ ಮುಂದೆ ಬಹಳ ಹೊತ್ತು ನಿಂತ. ಅವಳು ತೋರಿಸಿದ ಆ ಉಬ್ಬಿನ ಮೇಲೆ ಬೆರಳಾಡಿಸಿದ. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಕೇಳಿದ.

“ನಾಳೆ ನಾನು ಎಲ್ಲಿ ಕೂರ್ಲಿ, ವರ್ಲಾ?”