ಗಾಳಿ ಹುಡುಕುವ ಮಿಸ್ತ್ರಿ

ಶಹಾಪುರದಲ್ಲಿ ಕೂಲರ್ ರಿಪೇರಿ ಮಾಡುವ ಖಾಜಾಹುಸೇನರನ್ನು ಈಗ ಹಲವರು ‘ಲೋಬಾನ ಮಿಸ್ತ್ರಿ’ ಎಂದು ಕರೆಯುತ್ತಾರೆ. ಆ ಹೆಸರು ಇಟ್ಟವನು ನಾನು. ಮೊದಲು ಇದನ್ನು ಒಪ್ಪಿಕೊಳ್ಳದೆ ಅವರ ಬಗ್ಗೆ ಬರೆಯುವ ಹಕ್ಕು ನನಗಿಲ್ಲ.

ಅವರು ಸಗರದವರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಹೈದರಾಬಾದಿನಲ್ಲಿ ಹನ್ನೊಂದು ವರ್ಷ ಕೂಲರಿನ ತಗಡಿನ ಪೆಟ್ಟಿಗೆ ಬಡಿದು, ತಿರುಗಿ ಬಂದು ಇಲ್ಲಿ ಅಂಗಡಿ ಹಾಕಿದರು. ಈಗ ಅರವತ್ತು ದಾಟಿದೆ. ತಗಡಿನ ಸದ್ದಿಗೆ ಎಡಗಿವಿ ಮಂದವಾಗಿದೆ. ಮೋಟಾರಿನ ದೋಷವನ್ನು ಅವರು ಕಿವಿಯಿಂದಲ್ಲ, ಅಂಗೈಯಿಂದ ಹಿಡಿಯುತ್ತಾರೆ. ಕೆಟ್ಟ ಹಲ್ಲನ್ನು ಮುಟ್ಟಿ ನೋಡುವವರಂತೆ ಕಣ್ಣು ಮುಚ್ಚಿ ಪೆಟ್ಟಿಗೆಯ ಮೇಲೆ ಕೈಯಿಡುತ್ತಾರೆ. ಅವರ ಚೀಲದಲ್ಲಿ ಪಾನಾ, ಇಕ್ಕಳಗಳ ಜೊತೆ ಊದಿನಕಡ್ಡಿಯ ಪೊಟ್ಟಣವೊಂದು ಸದಾ ಇರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ನಮ್ಮ ಮನೆಯ ಮುಂದಿನ ಪಡಸಾಲೆ ನಾನು ಹಾಕಿಸಿದ ಸ್ಲ್ಯಾಬಿನದು; ಹಿಂದಿನ ಕೋಣೆ ತಂದೆಯ ಕಾಲದ ಮಣ್ಣಿನ ಮಾಳಿಗೆಯದು. ಆ ಮಾಳಿಗೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಮಳೆ ಹನಿಯುತ್ತದೆ, ಬೆಕ್ಕು ಇಳಿಯುತ್ತದೆ ಎಂದು ಮೂರು ವರ್ಷದ ಹಿಂದೆ ಫರಸಿ ಕಲ್ಲು ಹೊದಿಸಿ ಸಿಮೆಂಟ್ ಮೆತ್ತಿಸಿದೆ. ಮರುವರ್ಷದ ಏಪ್ರಿಲ್‌ನಲ್ಲಿ ಪಡಸಾಲೆಯ ಕಿಟಕಿಗೆ ಕೂಲರ್ ಕೂಡಿಸಿದೆ. ತಂಪು ಸೋರಿ ಹೋಗಬಾರದೆಂದು ಉಳಿದೆಲ್ಲ ಕಿಟಕಿಗಳನ್ನು ಜಡಿದು, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆ. ಕೂಲರಿನೆದುರು ಎರಡು ಮಾರಿನೊಳಗೆ ನಡುಕ. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ನಾಗರತ್ನಾಳ ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನವಾದರೆ ಪಡಸಾಲೆಯೂ ಅಂಟಂಟು.

ಖಾಜಾಹುಸೇನರನ್ನು ಕರೆಸಿದೆ. ಅವರು ಕೂಲರಿನ ಮೇಲೆ ಅಂಗೈಯಿಟ್ಟು ಹೇಳಿದರು: “ಮಶೀನ್ ಚಲೋ ಅದ್ರಿ ಸರ. ಮನ್ಯಾಗ ಗಾಳಿ ಸಿಕ್ಕೊಂಡಾದ.”

ಹೇಳಿ, ಊದಿನಕಡ್ಡಿ ಹಚ್ಚಿದರು. ಮೂಲೆಯಿಂದ ಮೂಲೆಗೆ, ಬಾಗಿಲ ಬುಡದಿಂದ ಮಾಳಿಗೆಯ ಜಂತಿಯವರೆಗೆ ಅದನ್ನು ಹಿಡಿದು ನಿಧಾನವಾಗಿ ನಡೆದರು. ತುಟಿ ಏನೋ ಗುಣುಗುತ್ತಿತ್ತು.

ನಮ್ಮ ಕಡೆ ಕೂಸು ಹಟ ಹಿಡಿದರೂ, ಅಂಗಡಿ ನಡೆಯದಿದ್ದರೂ ‘ಗಾಳಿ ಸೋಕ್ಯಾದ’ ಎಂದು ಯಾರನ್ನಾದರೂ ಕರೆಸಿ ಲೋಬಾನ ಧೂಪದ ಹೊಗೆ ಹಾಕಿಸುತ್ತಾರೆ. ಅದರ ವಿರುದ್ಧ ಇಪ್ಪತ್ತು ವರ್ಷ ಮಾತಾಡಿದವನು ನಾನು. ಅದೇ ಈಗ ನನ್ನ ಮನೆಯೊಳಗೇ ಬಂದಂತೆ ಕಂಡಿತು.

“ಏನ್ರಿ ಇದು? ಏನ್ ನಡಿಸೀರಿ?”

“ಗಾಳಿ ಹುಡುಕಲಾಕತ್ತೀನ್ರಿ.”

“ನಮ್ಮನ್ಯಾಗ ಗಾಳಿ, ದೆವ್ವ ಯಾವ್ದೂ ಇಲ್ರಿ!”

ನಾನು ನಿಂತದ್ದು ಅವರ ಎಡಗಿವಿಯ ಬದಿಗೆ. ಏನು ಕೇಳಿಸಿತೋ, ಮುಗುಳ್ನಕ್ಕು ತಲೆಯಾಡಿಸಿದರು. “ಹೌದ್ರಿ, ಹೌದ್ರಿ. ಅದನ್ನ ಹೊರಗ ಹಾಕಬೇಕ್ರಿ.”

ಅವರ ಕೈಯಿಂದ ಕಡ್ಡಿ ಕಸಿದು ಕೂಲರಿನ ನೀರಿನಲ್ಲಿ ಅದ್ದಿದೆ. ಚುಂಯ್ ಎಂದಿತು. ಅವರು ಒಮ್ಮೆ ನೀರನ್ನು, ಒಮ್ಮೆ ನನ್ನನ್ನು ನೋಡಿದರು. ಚೀಲ ಎತ್ತಿಕೊಂಡು ಹೊರಟುಹೋದರು.

ನಾನು ಅಷ್ಟಕ್ಕೇ ಬಿಡಲಿಲ್ಲ. ಜೂನ್‌ನಲ್ಲಿ ಶಾಲೆಯ ವಿಜ್ಞಾನ ಸಂಘ ಶುರುವಾದ ದಿನ, ಮೌಢ್ಯಕ್ಕೆ ಉದಾಹರಣೆಯೆಂದು ಅವರ ಹೆಸರು ಹಿಡಿದೇ ಈ ಕಥೆ ಹೇಳಿದೆ. ಸೀಮೆಸುಣ್ಣದ ಕಡ್ಡಿಯನ್ನು ಊದಿನಕಡ್ಡಿಯಂತೆ ಹಿಡಿದು, ಕಣ್ಣು ಮುಚ್ಚಿ ನಡೆದು ತೋರಿಸಿದೆ. “ಲೋಬಾನ ಮಿಸ್ತ್ರಿ” ಎಂದೆ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ವಾರದೊಳಗೆ ಆ ಹೆಸರು ಅವರ ಅಂಗಡಿ ಮುಟ್ಟಿತು. ಆಮೇಲೆ ಕೆಲವು ಮನೆಯವರು ಅವರನ್ನು ಕರೆಯುವುದನ್ನೇ ಬಿಟ್ಟರೆಂದು ಕೇಳಿದೆ. ನನಗೆ ಬೇಸರವೇನೂ ಆಗಲಿಲ್ಲ.

ಮರುವರ್ಷದ ಬೇಸಿಗೆಗೆ ಬೇರೊಬ್ಬ ಮಿಸ್ತ್ರಿ ಬಂದು ಪಂಪು ಬದಲಿಸಿದ, ನೀರು ಹೀರುವ ಹುಲ್ಲಿನ ತಟ್ಟಿ ಬದಲಿಸಿದ. ಮುಂದೆ ನಡುಕ, ಹಿಂದೆ ಬೆವರು ಹಾಗೆಯೇ ಉಳಿದವು. ಒಂದು ಸಂಜೆ ನಾಗರತ್ನಾ ಹಿಂದಿನ ಕೋಣೆಯ ದೇವರ ಜಗಲಿಯ ಮುಂದೆ ಊದಿನಕಡ್ಡಿ ಹಚ್ಚಿದಳು. ಹೊಗೆ ನೆಟ್ಟಗೆ ಮೇಲೇರಿ, ಮಾಳಿಗೆ ಮುಟ್ಟಿ, ಹಾಸಿದ ಚಾದರದಂತೆ ಅಲ್ಲೇ ನಿಂತುಬಿಟ್ಟಿತು.

“ಖಾಜಾ ಕಾಕಾ ಅವತ್ತು ಹುಡುಕಿದ್ದು ಇದನ್ನ ಅಲ್ಲೇನ್ರಿ?” ಎಂದಳು ಅವಳು. “ಹೊಗಿಗಿ ಹೋಗಾಕ ಹಾದಿ ಇಲ್ಲ ನೋಡ್ರಿ.”

ನಾನು ತಲೆಯೆತ್ತಿ ಮುಚ್ಚಿದ ಬೆಳಕಿಂಡಿಯತ್ತ ನೋಡಿದೆ.

“ನಾ ಹಚ್ಚಿದ್ರ ಪೂಜಿ, ಅವರು ಹಚ್ಚಿದ್ರ ಮಾಟ. ಭಾಳ ಚಲೋ ಅದ ನಿಮ್ಮ ವಿಜ್ಞಾನ.”

ಕೂಲರು ಹೊರಗಿನ ಗಾಳಿಯನ್ನು ಒದ್ದೆ ಮಾಡಿ ಒಳಗೆ ನೂಕುತ್ತದೆ, ಅಷ್ಟೆ. ಒಳಗಿನದು ಹೊರಗೆ ಹೋದಷ್ಟೇ ಹೊಸದು ಒಳಗೆ ಬಂದೀತು. ಬಿಸಿಯಾದದ್ದು ಮೇಲಕ್ಕೇರುತ್ತದೆ ಎಂದು ಚಿತ್ರ ಬರೆದು ಎಷ್ಟೋ ವರ್ಷ ಕಲಿಸಿದವನು, ಮೇಲಿದ್ದ ಒಂದೇ ದಾರಿಗೆ ಸಿಮೆಂಟ್ ಮೆತ್ತಿಸಿ ಕೂತಿದ್ದೆ. ಅವರು ‘ಗಾಳಿ’ ಎಂದಾಗ ನನಗೆ ದೆವ್ವವೇ ಏಕೆ ಕೇಳಿಸಿತು? ಕಿವಿ ಮಂದವಾಗಿದ್ದದ್ದು ಅವರದಲ್ಲ. ಗಡ್ಡದ ಮುದುಕರೊಬ್ಬರ ಕೈಯಲ್ಲಿ ಹೊಗೆ ಕಂಡೊಡನೆ ಉತ್ತರ ನನ್ನಲ್ಲಿ ಸಿದ್ಧವಾಗಿತ್ತು. ಅದನ್ನೇ ನಾನು ಸಂದೇಹಬುದ್ಧಿ ಎಂದು ಕರೆದುಕೊಂಡಿದ್ದೆ.

ಬೆಳಿಗ್ಗೆ ಮಾಳಿಗೆ ಹತ್ತಿ ಸಿಮೆಂಟ್ ಒಡೆದು ಫರಸಿ ಸರಿಸಿದೆ. ಬಾಗಿಲ ಸಂದಿಯ ಸೀರೆ ತೆಗೆದೆ. ಊದಿನಕಡ್ಡಿ ಹಿಡಿದು ನಾನೇ ನಡೆದೆ. ಹೊಗೆ ಪಡಸಾಲೆಯಿಂದ ಒಳಕೋಣೆಗೆ ತೇಲಿ, ಬೆಳಕಿಂಡಿಯಿಂದ ಹೊರಬಿತ್ತು. ಮಧ್ಯಾಹ್ನಕ್ಕೆ ಎರಡೂ ಕಡೆ ಒಂದೇ ತಂಪು.

ಸಂಜೆ ಖಾಜಾಹುಸೇನರ ಅಂಗಡಿಗೆ ಹೋದೆ. ಪಂಪಿನ ತಂತಿ ಸುತ್ತುತ್ತಿದ್ದರು. “ತಪ್ಪಾತ್ರಿ” ಎಂದೆ, ತಗ್ಗಿದ ದನಿಯಲ್ಲಿ.

“ಏನಂದ್ರಿ?”

“ತಪ್ಪಾತ್ರಿ!” ಎಂದು ಕೂಗಬೇಕಾಯಿತು. ಪಕ್ಕದ ಚಹಾದ ಅಂಗಡಿಯವರೆಲ್ಲ ತಿರುಗಿ ನೋಡಿದರು.

“ಬೆಳಕಿಂಡಿ ತೆರದ್ರೇನು?”

“ತೆರದೀನ್ರಿ.”

“ಹಿಂದಿನ ಖೋಲ್ಯಾಗ ನಮ್ಮ ತಂಗೀಗಿ ತಂಪಾತಲ್ಲ, ಸಾಕು.” ತಂತಿಯನ್ನು ಇನ್ನೂ ಎರಡು ಸುತ್ತು ಸುತ್ತಿದರು. “ಆದ್ರ ಸರ, ಹೆಸರು ಸಾಲ್ಯಾಗ ಇಟ್ರಿ. ಇಲ್ಲಿ ಬಂದು ತೆಗದ್ರ ಹ್ಯಾಂಗ?”

ಜೂನ್‌ನಲ್ಲಿ ಅದೇ ಸಭೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಕಡ್ಡಿಯನ್ನು ನೀರಿಗೆ ಅದ್ದಿದ್ದನ್ನೂ ಬಿಡಲಿಲ್ಲ. ಈ ಸಲ ಸಭೆ ನಕ್ಕದ್ದು ನನಗೆ, ಅದು ನ್ಯಾಯವೇ. ಆದರೆ ಹೆಸರು ಮಾತ್ರ ಹೋಗಲಿಲ್ಲ. ನನ್ನ ತಪ್ಪೊಪ್ಪಿಗೆಗಿಂತ ನನ್ನ ನಕಲೇ ಜನರಿಗೆ ಹೆಚ್ಚು ನೆನಪಿದೆ.

ಈ ಬೇಸಿಗೆ ತಟ್ಟಿ ಬದಲಿಸಲು ಅವರನ್ನೇ ಕರೆದೆ. ಬಂದರು. ಕೆಲಸ ಮುಗಿಸಿ ಚೀಲದಿಂದ ಪೊಟ್ಟಣ ತೆಗೆದರು. ಕಡ್ಡಿಯನ್ನು ಬೆರಳಲ್ಲಿ ಹಿಡಿದು ಹಾಗೆಯೇ ನಿಂತರು.

“ಸರ, ಇದು ಗಾಳಿ ನೋಡಾಕ್ರಿ. ಆ ಗಾಳಿ ಅಲ್ಲ, ಈ ಗಾಳಿ.” ಅಂಗೈಯಿಂದ ಮುಖಕ್ಕೆ ಬೀಸಿಕೊಂಡು ತೋರಿಸಿದರು. “ಹಚ್ಚಲೇನ್ರಿ?”

ಈಗ ಪ್ರತಿ ಮನೆಯಲ್ಲೂ ಅವರು ಹೀಗೆ ಹೇಳಿ, ಕೇಳಿಯೇ ಹಚ್ಚುತ್ತಾರಂತೆ. ಮೊದಲು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾಗರತ್ನಾ ಕಡ್ಡಿಪೆಟ್ಟಿಗೆ ತಂದುಕೊಟ್ಟಳು. ನಾನು ಸುತ್ತಿ ಬಂದು, ಅವರ ಬಲಗಿವಿಯ ಬದಿಗೆ ನಿಂತು, “ಹಚ್ರಿ” ಎಂದೆ.